ಜೌಗುಕೆರೆಗೆ ನಾನು ಬಿಟ್ಟ ಹತ್ತೊಂಬತ್ತು ಮೀನು

ಕಳೆದ ಏಪ್ರಿಲ್‌ನಲ್ಲಿ, ಈಸ್ಟರ್ ರಜೆ ಮುಗಿದ ಮೊದಲ ದಿನ, ಆಫೀಸಿನ ಗೆಳೆಯ ಗ್ರೆಗ್ ನನ್ನ ಮೇಜಿನ ಮೇಲೆ ಐಸ್ ತುಂಬಿದ ಒಂದು ಚೀಲ ತಂದಿಟ್ಟ. ರಜೆಯಲ್ಲಿ ಮರ್ರಿ ನದಿಯ ಹಿನ್ನೀರಿಗೆ ಗಾಳ ಹಾಕಲು ಹೋಗಿದ್ದನಂತೆ. ತಿಂದು ಮುಗಿಸಲಾರದಷ್ಟು ಸಿಕ್ಕಿವೆ, ನಿಮ್ಮ ಮನೆಗೂ ಇರಲಿ ಎಂದ. ಸಂಜೆ ಅಡಿಲೇಡಿನ ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಹೆಂಡತಿ ಸಹನಾ ಆ ಚೀಲ ಬಿಚ್ಚಿದಳು. ಪಾಚಿ, ಕೊಳೆತ ಎಲೆ, ತಣ್ಣನೆಯ ಕೆಸರು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಿಂದ ನೋಡುವ ಮೊದಲೇ ಅದು ಯಾವ ಮೀನೆಂದು ನನಗೆ ಗೊತ್ತಾಗಿಹೋಯಿತು. ರೆಡ್‌ಫಿನ್ ಪರ್ಚ್. ಹಸಿರು ಮೈ, ಬೆನ್ನಿನಿಂದ ಕೆಳಗಿಳಿದ ಕಪ್ಪು ಪಟ್ಟೆ, ಹೊಟ್ಟೆಯ ಕೆಳಗೆ ಕುಂಕುಮದಲ್ಲಿ ಅದ್ದಿ ತೆಗೆದಂಥ ರೆಕ್ಕೆ.

“ಪರ್ತ್‌ನಲ್ಲಿ ನೀನೂ ಅಪ್ಪನೂ ಹಿಡೀತಿದ್ದಿದ್ದು ಇದೇ ಅಲ್ವಾ?” ಎಂದಳು ಸಹನಾ. ಮೀನನ್ನು ತಿರುಗಿಸಿ ನೋಡುತ್ತಾ, ನಗುತ್ತಲೇ ಸೇರಿಸಿದಳು: “ಪಾಪ ಅಪ್ಪ. ಆ ಕೆರೇಲಿ ಎಂಥಾ ಎಡವಟ್ಟು ಮಾಡ್ಬಿಟ್ರು.”

ಅದು ಅವಳ ಅಪ್ಪ ಮಾಡಿದ ಎಡವಟ್ಟಲ್ಲ. ನಾಲ್ಕು ವರ್ಷದಿಂದ ಈ ಮಾತು ಬಂದಾಗಲೆಲ್ಲ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ, ಇಲ್ಲವೇ ಫೋನು ನೋಡುತ್ತಿದ್ದೆ. ಅವತ್ತು ಕೈಯಲ್ಲಿ ಮೀನಿನ ಲೋಳೆ ಅಂಟಿಕೊಂಡಿತ್ತು. ಎಲ್ಲಿಗೂ ಹೋಗಲಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ನಾವು ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿದ್ದೆವು. ನಾನು ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿ. ಎಂಟು ದಿನ ಉತ್ತರದ ಗಣಿಯಲ್ಲಿ ಕೆಲಸ, ಆರು ದಿನ ಮನೆ, ನಡುವೆ ವಿಮಾನ. ಸಹನಾ ಡಾಕ್ಟರು. ಫೆಬ್ರವರಿಯಲ್ಲಿ ಅವಳಿಗೆ ಬ್ರಿಸ್ಬೇನಿನಲ್ಲಿ ಒಂದು ವರ್ಷದ ತರಬೇತಿ ಸಿಕ್ಕಿತು. ಇಂಡೂರೂಪಿಲ್ಲಿಯಲ್ಲಿ ಇನ್ನೊಬ್ಬ ಡಾಕ್ಟರ ಜೊತೆ ಫ್ಲ್ಯಾಟ್ ಹಂಚಿಕೊಂಡು ಹೊರಟುಹೋದಳು. ಅವಳ ತಂದೆ ಚನ್ನಬಸಪ್ಪನವರು ಮೈಸೂರಿನಿಂದ ಬಂದು ಆಗ ತಿಂಗಳಾಗಿತ್ತಷ್ಟೇ. ಜೂನ್ ಕೊನೆಯವರೆಗೆ ವೀಸಾ ಇತ್ತು. ಮಗಳ ಫ್ಲ್ಯಾಟಿನಲ್ಲಿ ಅವರಿಗೆ ಜಾಗವಿರಲಿಲ್ಲ. ಹೀಗಾಗಿ ನಾಲ್ಕು ಕೋಣೆಯ ಹೊಸ ಮನೆಯಲ್ಲಿ ಮಾವ ಮತ್ತು ಅಳಿಯ ಇಬ್ಬರೇ ಉಳಿದೆವು.

ನಮ್ಮದು ಪ್ರೀತಿಸಿ ಮಾಡಿಕೊಂಡ ಮದುವೆ. ಮಾವ ಬೇಡ ಎನ್ನಲಿಲ್ಲ, ಹಾಗಂತ ಏಳು ವರ್ಷದಲ್ಲಿ ನನ್ನೊಂದಿಗೆ ಏಳು ನಿಮಿಷ ಒಟ್ಟಿಗೆ ಕೂತು ಮಾತಾಡಿದವರೂ ಅಲ್ಲ. ‘ನೀವು’, ‘ಬನ್ನಿ’, ‘ಸರಿ’. ಅಷ್ಟೇ. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಏನು ಕೇಳಿದರೂ ಮೊದಲು ‘ಬೇಡ’ ಎನ್ನುವುದು. ಕಾಫಿ ಮಾಡಲಾ ಎಂದರೆ ಬೇಡ, ಇನ್ನೊಂದು ಚಪಾತಿ ಎಂದರೆ ಬೇಡ, ಹೀಟರ್ ಹಾಕಲಾ ಎಂದರೆ ಬೇಡ. ಎರಡನೇ ಸಲ ಕೇಳಿದರೆ ಎಲ್ಲವೂ ಬೇಕು. ಸಹನಾ ಹೋಗುವ ಮುಂಚೆ ಹೇಳಿಹೋಗಿದ್ದಳು: “ಅಪ್ಪ ಬೇಡ ಅಂದ್ರೆ ಬೇಡ ಅಂತಲ್ಲ ಕಣೋ. ಸುಮ್ನೆ ಕೊಟ್ಬಿಡು.”

ನಮ್ಮಿಬ್ಬರನ್ನು ಮಾತಿಗೆ ಹಚ್ಚಿದ್ದು ಮೀನು. ಮಾವ ಮೂವತ್ತೈದು ವರ್ಷ ಮೀನುಗಾರಿಕೆ ಇಲಾಖೆಯಲ್ಲಿದ್ದವರು. ಮಂಡ್ಯ ಕಡೆಯ ಕೆರೆಕಟ್ಟೆಗಳಿಗೆಲ್ಲ ಕಾಟ್ಲಾ, ರೋಹು ಮರಿಗಳನ್ನು ಬಿತ್ತನೆ ಮಾಡಿಸಿದವರು. ಆದರೆ ಲಿಂಗಾಯತರ ಮನೆ. ಜನ್ಮದಲ್ಲಿ ಒಂದು ತುಂಡು ಮೀನು ಬಾಯಿಗಿಟ್ಟವರಲ್ಲ. ಮಾರ್ಚ್ ತಿಂಗಳಲ್ಲಿ ಒಂದು ದಿನ, ಹೊತ್ತು ಹೋಗದೆ, “ಗಾಳ ಹಾಕೋಕೆ ಹೋಗೋಣ್ವಾ ಮಾವ?” ಎಂದು ಕೇಳಿದೆ. ಅವರು ಬೇಡ ಎನ್ನಲಿಲ್ಲ. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು.

ಪರ್ತ್‌ನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದರೆ ಬೆಟ್ಟಗಳ ನಡುವೆ ಸಣ್ಣ ಸಣ್ಣ ಅಣೆಕಟ್ಟುಗಳಿವೆ. ದಾರಿಯಲ್ಲಿ ‘ಸರ್ವೋ’ ಎನ್ನುವ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆ ಎರೆಹುಳದ ಡಬ್ಬಿಯೂ ಸಿಗುತ್ತದೆ. ಮೊದಲ ಎರಡು ಸಲ ನಾವು ಬರಿಗೈಯಲ್ಲಿ ಬಂದೆವು. ನಾನು ಕಂಡಕಂಡಲ್ಲಿ ಗಾಳ ಎಸೆಯುತ್ತಿದ್ದೆ. ಮಾವ ಎಸೆಯುತ್ತಲೇ ಇರಲಿಲ್ಲ. ದಡದ ಮೇಲೆ ಕೈಕಟ್ಟಿ ನಿಂತು ನೀರು ನೋಡುತ್ತಿದ್ದರು. ಮೂರನೇ ಸಲ ಹೇಳಿದರು:

“ಚಳಿ ಶುರುವಾಯ್ತಲ್ಲ ಪ್ರಸನ್ನ, ಮೀನು ಜೊಂಡಿನೊಳಗೆ ಇರಲ್ಲ ಈಗ. ಅಂಚಿನ ನೀರು ರಾತ್ರಿ ತಣ್ಣಗಾಗುತ್ತೆ. ಎಲ್ಲಾ ಒಟ್ಟಾಗಿ ಆಳದ ಕಡೆ ಜಾರಿರ್ತವೆ. ಗಾಳಿ ಯಾವ ದಡಕ್ಕೆ ನೀರು ತಳ್ತಾ ಇದೆ ನೋಡಿ. ಅಲ್ಲಿ ಮುಳುಗಿರೋ ಮರ ಇದ್ರೆ ಅದರ ಪಕ್ಕಕ್ಕೆ ಹಾಕಿ.”

ಬೆಳಿಗ್ಗೆ ಹತ್ತರ ಹೊತ್ತು. ಬಿಸಿಲು ನೀರಿಗಿಳಿದಿತ್ತು. ಅವರು ತೋರಿಸಿದ ಕಡೆ ಹಾಕಿದೆ. ದಾರ ಎರಡು ಸಲ ಟಕಟಕ ಎಂದು ಕುಟುಕಿ, ಆಮೇಲೆ ಭಾರವಾಯಿತು. ಮೇಲೆ ಬಂದ ಮೀನು ಬೆನ್ನಿನ ಮುಳ್ಳುಗಳನ್ನು ಸೆಟೆಸಿ ನಿಂತಿತು. ಮಾವ ಒದ್ದೆ ಬಟ್ಟೆಯಲ್ಲಿ ಅದನ್ನು ಹಿಡಿದು, ಬಾಯಿ ಅಗಲಿಸಿ, ಒಳಗೆ ಬೆರಳಾಡಿಸಿದರು. “ಅಬ್ಬಾ, ಬಾಯಿ ನೋಡ್ರಿ ಇದರದ್ದು. ನಮ್ಮ ಕೊರವ ಮೀನಿನಂಥ ಹೊಟ್ಟೆಬಾಕ. ತನ್ನ ಮರೀನೂ ಬಿಡಲ್ಲ ಇದು.”

ಅಲ್ಲೇ ದೋಣಿ ಇಳಿಸುವ ಜಾಗದಲ್ಲಿ ಒಂದು ಹಲಗೆಯಿತ್ತು. ಈ ಮೀನು ಹೊರಗಿನಿಂದ ಬಂದು ಇಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕುತ್ತಿದೆ, ಹಿಡಿದದ್ದನ್ನು ಮತ್ತೆ ನೀರಿಗೆ ಬಿಡಬೇಡಿ, ಜೀವಂತವಾಗಿ ಇನ್ನೊಂದು ನೀರಿಗೆ ಒಯ್ಯುವುದು ಅಪರಾಧ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಮಾವ ಕನ್ನಡಕ ಏರಿಸಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ನಾನೂ ಓದಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೊತ್ತಿರಲಿಲ್ಲ ಎನ್ನುವ ಮಾತು ಆಮೇಲೆ ಬರುತ್ತದೆ.

ಆಮೇಲೆ ನಾನು ಮನೆಯಲ್ಲಿದ್ದ ದಿನಗಳಲ್ಲೆಲ್ಲ ಅಣೆಕಟ್ಟಿಗೆ ಹೋದೆವು. ಮಾವ ಹಿಡಿದ ಮೀನನ್ನು ತಲೆಗೆ ಒಂದೇ ಏಟು ಹಾಕಿ ನೋವಿಲ್ಲದಂತೆ ಮುಗಿಸುತ್ತಿದ್ದರು. ಸಂಜೆ ನಾನು ಹಿತ್ತಲಿನ ಬಾರ್ಬಿಕ್ಯೂ ಒಲೆಯ ಮೇಲೆ ಮಸಾಲೆ ಸವರಿ ಹುರಿದುಕೊಂಡರೆ, ಅವರು ಗಾಳಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಮೊಸರನ್ನ ತಿನ್ನುತ್ತಾ ಮಾತಾಡುತ್ತಿದ್ದರು. ಸಹನಾ ಹುಟ್ಟಿದ ದಿನ ತಾವು ಯಾವ ಕೆರೆಯ ಏರಿ ಮೇಲಿದ್ದೆವೆಂದು ಹೇಳಿದ್ದು ಆಗಲೇ. ನನಗೆ ಅಪ್ಪನಿಲ್ಲ, ಸಣ್ಣವನಿದ್ದಾಗಲೇ ಹೋದರು. ಆ ಮಾರ್ಚ್, ಏಪ್ರಿಲ್‌ನಲ್ಲಿ ನನಗೆ ಒಬ್ಬ ಅಪ್ಪ ಸಿಕ್ಕಿದಂತಾಗಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ, ಮುಂದೆ ನಾನು ಮಾಡಿದ್ದನ್ನು ನೆನೆದು.

ನಾನು ಗಣಿಯಲ್ಲಿದ್ದ ಎಂಟು ದಿನ ಮಾವನಿಗೆ ಜೊತೆಯಾಗಿದ್ದವರು ಹೆಲೆನ್. ಪಕ್ಕದ ಬೀದಿಯವರು, ಎಪ್ಪತ್ತರ ಆಸುಪಾಸು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಜೌಗುಕೆರೆಯಿದೆ. ಸುತ್ತ ಕಾಗದದಂಥ ತೊಗಟೆ ಸುಲಿಯುವ ಮರಗಳು, ಚಹಾದ ಬಣ್ಣದ ನೀರು, ದಡದಲ್ಲಿ ಒಂದು ಮರದ ಕಟ್ಟೆ. ಬೇಸಿಗೆಯಲ್ಲೂ ಪೂರ್ತಿ ಬತ್ತದ ನೀರದು. ಅದರಲ್ಲಿ ಕಿರುಬೆರಳಿನುದ್ದದ ಒಂದು ಮೀನು ಇತ್ತು. ಪಿಗ್ಮಿ ಪರ್ಚ್. ಅದೂ ಪರ್ಚೇ, ಆದರೆ ಈ ನೆಲದ್ದು, ಈ ಮೂಲೆಯ ನೀರುಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಸುತ್ತ ಬಡಾವಣೆ ಎದ್ದಾಗ ಉಳಿದ ಕೊನೆಯ ನೀರು ಇದೆಂದು ಹೆಲೆನ್ ಹತ್ತು ವರ್ಷದಿಂದ ಅದನ್ನು ಕಾಯುತ್ತಿದ್ದರು. ಕಸ ಹೆಕ್ಕುವುದು, ಗಿಡ ನೆಡುವುದು, ಪ್ರತಿ ಗುರುವಾರ ಸಣ್ಣ ಬಲೆ ಇಳಿಸಿ ಬಂದ ಮೀನುಗಳನ್ನು ಎಣಿಸಿ ಮತ್ತೆ ನೀರಿಗೆ ಬಿಡುವುದು.

ವಾಕಿಂಗ್ ಹೋಗಿದ್ದ ಮಾವ ಒಂದು ಗುರುವಾರ ಅದನ್ನು ನೋಡುತ್ತಾ ನಿಂತರಂತೆ. ಮುಂದಿನ ಗುರುವಾರ ಹರಿದ ಬಲೆಯನ್ನು ಕೂತು ಹೆಣೆದುಕೊಟ್ಟರಂತೆ. ನಾನು ಸೈಟಿನಿಂದ ಫೋನು ಮಾಡಿದರೆ ಅವರ ಬಾಯಲ್ಲಿ ಅದೇ ಮಾತು. “ಇವತ್ತು ಇನ್ನೂರ ಹನ್ನೆರಡು ಸಿಕ್ತು ರೀ. ಮೇಡಂಗೆ ಒಂದೊಂದರ ಗುರುತೂ ಇದೆ.” ಹೆಲೆನ್ ಅವರನ್ನು ‘ಮಿಸ್ಟರ್ ಬಸಪ್ಪ’ ಎನ್ನುತ್ತಿದ್ದರು. ನನ್ನೆದುರಿಗೇ ಒಮ್ಮೆ ಹೇಳಿದರು, ತಮ್ಮ ಜೊತೆ ಕೆಲಸ ಮಾಡಿದವರಲ್ಲಿ ಮೀನು ಗೊತ್ತಿರುವ ಮನುಷ್ಯ ಇವರೊಬ್ಬರೇ ಎಂದು. ಮಾವ ಬಿಗುವಿನಿಂದ ತಲೆಯಾಡಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದರು.

ಏಪ್ರಿಲ್ ಕೊನೆಯ ವಾರ ಅಣೆಕಟ್ಟಿನಲ್ಲಿ ಮೀನು ಬಹಳ ಆಳಕ್ಕಿಳಿದಿತ್ತು. ಹುಡುಕುತ್ತಾ ನಾನು ಕಲ್ಲುಬಂಡೆಗಳ ದಡ ಹಿಡಿದು ಮುಂದೆ ಮುಂದೆ ಹೋದೆ. ಮಾವನ ಮೊಣಕಾಲು ಮೊದಲೇ ಸರಿಯಿರಲಿಲ್ಲ; ಹಿಂದೆಯೇ ನಿಧಾನ ಬರುತ್ತಿದ್ದರು. ಒಂದು ತಿರುವಿನಾಚೆ ನನಗೆ ಮೀನಿನ ಗುಂಪು ಸಿಕ್ಕಿಬಿಟ್ಟಿತು. ರೆಡ್‌ಫಿನ್ ಗುಂಪು ಸಿಕ್ಕಿದವರಿಗೇ ಗೊತ್ತು ಆ ಹುಚ್ಚು. ಒಂದು ಕಚ್ಚಿತೆಂದರೆ ಉಳಿದವು ಅದರ ಹಿಂದೆಯೇ ಬರುತ್ತವೆ. ಎಸೆ, ಎಳೆ, ಬಿಡಿಸು, ಎಸೆ. ಅಷ್ಟರಲ್ಲಿ “ಪ್ರಸನ್ನಾ” ಎಂದು ಮಾವ ಕೂಗಿದರು.

ಗಾಳಿಯಿತ್ತು, ಕೇಳಿಸಲಿಲ್ಲ ಎಂದು ಅವತ್ತು ಹೇಳಿದೆ. ಕೇಳಿಸಿತ್ತು. ಇದೊಂದು ಮೀನು ಎಳೆದು ಹೋಗೋಣ ಎಂದುಕೊಂಡೆ. ಆಮೇಲೆ ಇನ್ನೊಂದು. ಇಪ್ಪತ್ತು ನಿಮಿಷದ ನಂತರ ಹೋಗಿ ನೋಡಿದರೆ ಮಾವ ಎರಡು ಬಂಡೆಗಳ ಸಂದಿನಲ್ಲಿ ಕೂತಿದ್ದರು. ಪಾಚಿಗೆ ಕಾಲು ಜಾರಿ ಮೊಣಕಾಲು ತಿರುಚಿತ್ತು. ಮುಖ ಬೆವತಿತ್ತು. ನನ್ನ ಕೈಯ ಬಕೆಟ್ ನೋಡಿ, “ಸಿಕ್ತಾ?” ಎಂದರು. ಬೇರೇನೂ ಕೇಳಲಿಲ್ಲ.

ಕ್ಯಾನಿಂಗ್ಟನ್‌ನ ಕ್ಲಿನಿಕ್ಕಿನಲ್ಲಿ ಡಾಕ್ಟರು ಕಾಲಿಗೆ ಪಟ್ಟಿ ಬಿಗಿದು, ಕಲ್ಲು ಮಣ್ಣಿನ ಜಾಗಕ್ಕೆ ಇನ್ನು ಕರೆದೊಯ್ಯಬೇಡಿ, ಸಮತಟ್ಟು ದಾರಿಯಲ್ಲಿ ಕೋಲು ಹಿಡಿದು ನಡೆಯಲಿ ಎಂದರು. ಅಲ್ಲಿಗೆ ನಮ್ಮ ಅಣೆಕಟ್ಟಿನ ಓಡಾಟ ಮುಗಿಯಿತು. ಮಾವ ಸೋಫಾದ ಮೇಲೆ ಕಾಲು ಚಾಚಿ ಕೂತು, ಗಾಳದ ರೀಲನ್ನು ಬಿಚ್ಚಿ ಎಣ್ಣೆ ಹಾಕಿ ಮತ್ತೆ ಜೋಡಿಸುತ್ತಿದ್ದರು. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಆಗ ಹೊಳೆದದ್ದು: ಮಾವ ಮೀನಿನ ಹತ್ತಿರ ಹೋಗಲಾರರು, ಮೀನನ್ನೇ ಅವರ ಹತ್ತಿರ ತಂದರೆ? ಜೌಗುಕೆರೆಗೆ ಸಮತಟ್ಟು ದಾರಿಯಿದೆ. ಮರದ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಬಹುದು.

ಊಟದ ಹೊತ್ತಿಗೆ ತಮಾಷೆಯೆಂಬಂತೆ ಕೇಳಿದೆ. “ಮಾವ, ಆ ಹೆಲೆನ್ ಕೆರೆಗೆ ಒಂದಿಪ್ಪತ್ತು ರೆಡ್‌ಫಿನ್ ತಂದು ಬಿಟ್ರೆ ಹೇಗೆ? ನೀವು ಅಲ್ಲೇ ಕೂತು ಹಿಡೀಬಹುದು.”

“ಬೇಡ ಬೇಡ,” ಎಂದರು.

“ನಿಮಗೋಸ್ಕರ ಮಾವ.”

ಅವರು ಅನ್ನದ ಮೇಲಿನ ಕೈ ನಿಲ್ಲಿಸಿದರು. “ಪ್ರಸನ್ನ, ನಾವು ಕೆರೆಗೆ ಮರಿ ಬಿಡೋ ಮುಂಚೆ ಕೊರವ ಮೀನು ಇದ್ರೆ ಬಲೆ ಹಾಕಿಸಿ ತೆಗೀತಿದ್ವಿ. ಒಂದು ಉಳಿದ್ರೂ ನಾವು ಬಿಟ್ಟಿದ್ದೆಲ್ಲಾ ಅದರ ಹೊಟ್ಟೆಗೆ. ಆ ಸಣ್ಣ ಮೀನು ಏನಾಗ್ಬೇಕು? ಬೇಡ.”

ಮೂರು ಸಲ ಬೇಡ ಎಂದ ಹಾಗಾಯಿತು. ಸಹನಾ ಹೇಳಿದ್ದನ್ನು ನನಗೆ ಬೇಕಾದ ಹಾಗೆ ನೆನೆಸಿಕೊಂಡೆ: ಅಪ್ಪ ಬೇಡ ಅಂದರೆ ಬೇಡ ಅಂತಲ್ಲ. ಇಪ್ಪತ್ತು ಮೀನು ತಾನೆ, ಮಾವ ಹೋಗುವಷ್ಟರಲ್ಲಿ ಅವರೇ ಎಲ್ಲವನ್ನೂ ಹಿಡಿದಿರುತ್ತಾರೆ ಎಂದು ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ ಅದು ಮಾವನಿಗಾಗಿ ಮಾಡಿದ್ದಲ್ಲ. ಆ ಇಪ್ಪತ್ತು ನಿಮಿಷ ಬಂಡೆಗಳ ನಡುವೆ ಕೂತಿದ್ದವರ ಮುಖ ನನ್ನ ಕಣ್ಣೆದುರಿನಿಂದ ಹೋಗಲೆಂದು ಮಾಡಿದ್ದು.

ಮೇ ಎರಡನೇ ವಾರ ಕಾರು ಸರ್ವಿಸಿಗೆ ಬಿಡಬೇಕೆಂದು ಸುಳ್ಳು ಹೇಳಿ ಬೆಳಿಗ್ಗೆಯೇ ಒಬ್ಬನೇ ಅಣೆಕಟ್ಟಿಗೆ ಹೋದೆ. ಎಸ್ಕಿ ಎನ್ನುವ ದೊಡ್ಡ ಐಸ್ ಪೆಟ್ಟಿಗೆಯಲ್ಲಿ ಐಸಿನ ಬದಲು ಅಣೆಕಟ್ಟಿನ ನೀರೇ ತುಂಬಿಸಿ, ಬ್ಯಾಟರಿಯಿಂದ ಗಾಳಿಗುಳ್ಳೆ ಬಿಡುವ ಸಣ್ಣ ಪಂಪು ಇಳಿಬಿಟ್ಟೆ. ಅಂಗೈಗಿಂತ ಕೊಂಚ ದೊಡ್ಡವನ್ನೇ ಆರಿಸಿದೆ. ಹತ್ತೊಂಬತ್ತು ಸಿಕ್ಕವು. ಹಿಂದಿರುಗುವಾಗ ತಿರುವು ಬಂದಾಗಲೆಲ್ಲ ಹಿಂದಿನ ಸೀಟಿನಲ್ಲಿ ನೀರು ಕುಲುಕಿದ ಸದ್ದಿಗೆ ಕಾರಿನ ವೇಗ ಇಳಿಸುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಜೌಗುಕೆರೆಯ ಹಿಂಬದಿಗೆ, ಮನೆಗಳಿಗೆ ಕಾಣದ ಕಡೆ, ಎಸ್ಕಿ ಹೊತ್ತುಕೊಂಡು ಹೋಗಿ ಅಂಚಿಗೆ ಬಾಗಿಸಿದೆ. ಮೀನುಗಳು ಮಗ್ಗುಲಾಗಿ ತೇಲಿದವು. ಸತ್ತವು ಎಂದುಕೊಂಡೆ. ನಿಮಿಷದಲ್ಲಿ ಒಂದೊಂದಾಗಿ ನೆಟ್ಟಗಾಗಿ, ಕೆಂಪು ರೆಕ್ಕೆ ಬಿಚ್ಚಿ, ಕಂದು ನೀರಿನೊಳಗೆ ಮಾಯವಾದವು. ಎಷ್ಟು ಖುಷಿಯಾಯಿತೆಂದರೆ, ಹುಟ್ಟುಹಬ್ಬದ ಉಡುಗೊರೆ ಬಚ್ಚಿಟ್ಟು ಬಂದವನ ಹಾಗೆ ಮನೆಗೆ ಬಂದೆ.

ಮಾರನೆಯ ದಿನ ಮಾವನನ್ನು ಒತ್ತಾಯಿಸಿ ಕರೆದುಕೊಂಡು ಹೋದೆ. “ಅಲ್ಲಿ ಗಾಳಕ್ಕೆ ಬೀಳೋ ಅಂಥದ್ದು ಏನೂ ಇಲ್ಲ ರೀ,” ಎನ್ನುತ್ತಲೇ ಬಂದರು. ಕುರ್ಚಿ ಹಾಕಿ, ನಾನೇ ಎರೆಹುಳ ಸಿಕ್ಕಿಸಿ ಕೊಟ್ಟೆ. ಅರ್ಧ ಗಂಟೆಯಾಗಿರಬೇಕು. ದಾರ ಕುಟುಕಿತು. ಮಾವನ ಕೈಗೆ ತಕ್ಷಣ ತಿಳಿಯಿತು. ಮೀನು ನೀರಿನಿಂದ ಮೇಲೆದ್ದಾಗ ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನಗುತ್ತಿದ್ದೆ. ನಾನು ನಗುತ್ತಿದ್ದೆ ಎಂಬುದನ್ನು ನಾನು ಮರೆಯಲಾರೆ.

ಅವರು ಒಂದೇ ಏಟಿಗೆ ಮೀನನ್ನು ಮುಗಿಸಿ, ಪೇಪರಿನಲ್ಲಿ ಸುತ್ತಿ, “ನಡೀರಿ ಮನೆಗೆ,” ಎಂದರು. ಬಾಗಿಲು ಹಾಕಿದ ಮೇಲೆ ಕೇಳಿದರು:

“ಎಷ್ಟು ಬಿಟ್ರಿ?”

“ಹತ್ತೊಂಬತ್ತು.”

“ಇನ್ನು ಹದಿನೆಂಟು,” ಎಂದು ಒಳಗೆ ಹೋದರು.

ಮರುದಿನದಿಂದ ಮಾವ ಕೋಲೂರಿಕೊಂಡು ದಿನವೂ ಆ ಕಟ್ಟೆಗೆ ಹೋಗಿ ಕೂತರು. ಬಿಸಿಲಿನಲ್ಲೂ, ಮೇ ತಿಂಗಳ ಮೊದಲ ಮಳೆಯಲ್ಲೂ ಕೂತರು. ಅದು ಆಟವಲ್ಲ, ಡ್ಯೂಟಿ. ನಾನು ಗಣಿಗೆ ಹೋದ ಮೇಲೆ ದಿನಕ್ಕೊಂದು ಸಲ ಫೋನು ಮಾಡಿದರೆ ಬರೀ ಅಂಕಿ ಹೇಳುತ್ತಿದ್ದರು. “ಇವತ್ತು ಎರಡು. ಹದಿನಾರು ಉಳೀತು.” “ಇವತ್ತು ಇಲ್ಲ.” “ಒಂದು.” ಹೆಲೆನ್ ಬರುವ ಗುರುವಾರ ಮಾತ್ರ ಮನೆಯಲ್ಲೇ ಇರುತ್ತಿದ್ದರು. ಕಾಲು ನೋವೆಂದು ಹೇಳಿ ಕಳಿಸಿದ್ದರಂತೆ.

ಆದರೆ ಕೆರೆ ದೊಡ್ಡದಲ್ಲ, ಹೆಲೆನ್ ಬರೀ ಗುರುವಾರ ಬರುವವರೂ ಅಲ್ಲ. ಜೂನ್ ಮೊದಲ ವಾರ ನಾನು ಮನೆಯಲ್ಲಿದ್ದಾಗ ಒಂದು ಸಂಜೆ ಬಾಗಿಲು ತಟ್ಟಿದರು. ಒಳಗೆ ಕರೆದರೂ ಬರಲಿಲ್ಲ. ಕೈಯಲ್ಲಿ ಫೋನಿತ್ತು, ಅದರಲ್ಲಿ ಮಾವ ಕಟ್ಟೆಯ ಮೇಲೆ ಕೂತು ರೆಡ್‌ಫಿನ್ ಬಿಡಿಸುತ್ತಿರುವ ಚಿತ್ರ. ಹತ್ತು ವರ್ಷ ಆ ನೀರಿನಲ್ಲಿ ಈ ಮೀನು ಇರಲಿಲ್ಲ, ಇದು ಹೇಗೆ ಬಂತು ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯಿತ್ತು.

ಮಾವ ನನ್ನ ಹಿಂದೆಯೇ ನಿಂತಿದ್ದರು. ಆ ವರ್ಷ ನಮ್ಮ ಪೌರತ್ವದ ಅರ್ಜಿ ಸರ್ಕಾರದ ಮುಂದಿತ್ತು. ಅಪರಾಧ ಎಂಬ ಆ ಹಲಗೆಯ ಪದ ನನ್ನ ಕಣ್ಣೆದುರು ಬಂತು. ಯೋಚಿಸಲು ಮೂರು ಸೆಕೆಂಡೂ ಹಿಡಿಯಲಿಲ್ಲ. ಇಂಗ್ಲಿಷಿನಲ್ಲಿ, ಮೆಲ್ಲಗೆ, ಮಾವನಿಗೆ ಕೇಳದಿರಲಿ ಎನ್ನುವವನ ಹಾಗೆ ಹೇಳಿದೆ: ನಮ್ಮ ಮಾವ ಊರಿನಲ್ಲಿ ಜೀವನವಿಡೀ ಕೆರೆಗಳಿಗೆ ಮೀನು ಬಿಡುವ ಕೆಲಸವನ್ನೇ ಮಾಡಿದವರು, ಇಲ್ಲಿನ ಕಾನೂನು ಅವರಿಗೆ ಗೊತ್ತಿರಲಿಲ್ಲ, ಅಣೆಕಟ್ಟಿನಿಂದ ಬರುವಾಗ ಎಸ್ಕಿಯಲ್ಲಿ ಹಾಕಿಕೊಂಡು ಬಂದಿದ್ದಾರೆ, ನಾನು ಗಮನಿಸಲಿಲ್ಲ, ದಯವಿಟ್ಟು ಕ್ಷಮಿಸಿ.

ಮಾವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮೂವತ್ತೈದು ವರ್ಷ ಅದರಲ್ಲೇ ವರದಿ ಬರೆದವರು.

ಹೆಲೆನ್ ನನ್ನನ್ನು ದಾಟಿ ಅವರನ್ನೇ ನೋಡಿದರು. ನಿಜವೇ ಮಿಸ್ಟರ್ ಬಸಪ್ಪ ಎಂದು ಕೇಳಿದರು. ನಾನು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಮಾವನ ಧ್ವನಿ ಮಾತ್ರ ಕೇಳಿಸಿತು. “ಯೆಸ್ ಮೇಡಂ. ಇಟ್ ವಾಸ್ ಮೈ ಮಿಸ್ಟೇಕ್. ಐ ಆಮ್ ವೆರಿ ಸಾರಿ.”

ನಿಮಗೆ ಮೀನು ಗೊತ್ತಿದೆ ಎಂದುಕೊಂಡಿದ್ದೆ, ಎಂದರು ಹೆಲೆನ್. ಅಷ್ಟೇ. ವಯಸ್ಸಾದವರೆಂದು ಯಾರಿಗೂ ದೂರು ಕೊಡಲಿಲ್ಲ. ಆಮೇಲೆ ಎಂದೂ ಮಾವನ ಜೊತೆ ಮಾತಾಡಲೂ ಇಲ್ಲ.

ಬಾಗಿಲು ಹಾಕಿ ನಾನು ಏನೋ ಹೇಳಲು ಹೋದೆ. ಮಾವ ಕೈಯೆತ್ತಿ ತಡೆದರು. “ನಾನು ಇನ್ನು ಇಪ್ಪತ್ತು ದಿನಕ್ಕೆ ಹೋಗೋನು. ನೀವು ಇಲ್ಲಿ ಇರ್ಬೇಕಾದವರು. ಬಿಡಿ.” ಸಮಾಧಾನದ ಮಾತಿನಂತೆ ಇತ್ತು. ಆದರೆ ಅವರು ನನ್ನ ಮುಖ ನೋಡಿ ಹೇಳಲಿಲ್ಲ.

ಆ ವಾರವೇ ಸಹನಾಗೆ ವಿಷಯ ಗೊತ್ತಾಯಿತು. ನಾನೇ ಹೇಳಿದೆ, ಹೆಲೆನ್‌ಗೆ ಹೇಳಿದ ಸುಳ್ಳನ್ನೇ. ಬ್ರಿಸ್ಬೇನಿನಿಂದ ವಿಡಿಯೋ ಕಾಲ್ ಮಾಡಿದವಳು ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು. “ಏನಪ್ಪಾ ಇದು? ಮೀನಿನ ಇಲಾಖೇಲಿ ಅಷ್ಟು ವರ್ಷ ಇದ್ದು ಇಷ್ಟು ಗೊತ್ತಾಗ್ಲಿಲ್ವಾ ನಿಮಗೆ? ಫೈನ್ ಬಿದ್ದಿದ್ರೆ? ಪ್ರಸನ್ನನಿಗೆ ತೊಂದ್ರೆ ಆಗಿದ್ರೆ?” ಮಾವ ಫೋನನ್ನು ದೂರ ಹಿಡಿದುಕೊಂಡು, “ಆಯ್ತಮ್ಮಾ, ತಪ್ಪಾಯ್ತು,” ಎಂದರು. ನಾನು ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಒಂದೇ ಅಂಗಿಯನ್ನು ಮೂರು ಸಲ ಮಡಚಿದೆ.

ಹೊರಡುವ ಹಿಂದಿನ ದಿನದವರೆಗೂ ಮಾವ ಕೆರೆಗೆ ಹೋದರು. ದಾರಿಯಲ್ಲಿ ಹೋಗುವವರಿಗೆ ಅವರು ಮೀನು ಬಿಟ್ಟ ಮುದುಕ ಎಂದು ಆಗಲೇ ಗೊತ್ತಾಗಿತ್ತು. ಒಂದಿಬ್ಬರು ನಿಂತು ಜೋರು ಮಾಡಿದರಂತೆ. ಒಟ್ಟು ಹದಿನೈದು ಹಿಡಿದಿದ್ದರು. ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿಗೆ ಹೋಗುವ ಮುಂಚೆ ನನ್ನ ಕೈ ಹಿಡಿದು, “ಇನ್ನೂ ನಾಲ್ಕಿವೆ. ಆಗಸ್ಟ್ ಬಂದ್ರೆ ಮೊಟ್ಟೆ ಇಡ್ತವೆ. ಅಷ್ಟರೊಳಗೆ ಹೇಗಾದ್ರೂ ತೆಗೀರಿ ಪ್ರಸನ್ನ,” ಎಂದರು.

ನಾನು ಎರಡು ಸಲ ಹೋದೆ. ಹೆಲೆನ್ ಕಣ್ಣಿಗೆ ಬೀಳಬಹುದೆಂಬ ಹೆದರಿಕೆಯಲ್ಲಿ ಅರ್ಧ ಗಂಟೆಗೆ ಎದ್ದು ಬಂದೆ. ಜುಲೈನಲ್ಲಿ ಬ್ರಿಸ್ಬೇನಿನಲ್ಲಿ ಒಂದು ಆಫೀಸ್ ಕೆಲಸ ಸಿಕ್ಕಿತು, ಮನೆ ಬಾಡಿಗೆಗೆ ಕೊಟ್ಟು ಹೊರಟುಬಿಟ್ಟೆ. ಸಹನಾಳ ಜೊತೆ ಇರಬಹುದಲ್ಲ ಎಂದು ಎಲ್ಲರಿಗೂ ಹೇಳಿದೆ. ಅದೂ ಸುಳ್ಳಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನಲ್ಲಿ ಊಟದ ಟ್ರೇ ಹಿಡಿದು ಕೂತಿದ್ದಾಗ ಹೆಲೆನ್ ಅವರಿಂದ ಒಂದು ಚಿತ್ರ ಬಂತು. ಜೊಂಡಿನ ಮೇಲೆ ಹರವಿದ ಬಿಳಿ ಜಾಲರಿಯಂಥ ಪಟ್ಟಿ, ಅದರ ತುಂಬ ಮಣಿಮಣಿ. ರೆಡ್‌ಫಿನ್ ಮೊಟ್ಟೆ. ಮಿಸ್ಟರ್ ಬಸಪ್ಪನವರಿಗೆ ತೋರಿಸಿ ಎಂದಷ್ಟೇ ಬರೆದಿದ್ದರು. ನಾನು ತೋರಿಸಲಿಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಇನ್ನೊಂದು ಸಂದೇಶ: ನಾಲ್ಕು ಗುರುವಾರ ಬಲೆ ಇಳಿಸಿದರೂ ಒಂದೇ ಒಂದು ಪಿಗ್ಮಿ ಪರ್ಚ್ ಬರಲಿಲ್ಲ. ಆಮೇಲೆ ಅವರು ಬರೆಯಲಿಲ್ಲ. ನಾವು ಅಡಿಲೇಡಿಗೆ ಬಂದೆವು, ಪೌರತ್ವ ಸಿಕ್ಕಿತು. ಸಮಾರಂಭದ ದಿನ ಕೈಯಲ್ಲಿ ಒಂದು ಪುಟ್ಟ ಗಿಡ ಕೊಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಎತ್ತಲೋ ನೋಡುತ್ತಿದ್ದೇನೆ.

ಇದಿಷ್ಟನ್ನೂ ಕಳೆದ ಏಪ್ರಿಲ್‌ನ ಆ ಸಂಜೆ, ಸಿಂಕಿನ ಮುಂದೆ ನಿಂತು, ಸಹನಾಗೆ ಹೇಳಿದೆ. ಬಂಡೆಗಳ ನಡುವೆ ಮಾವ ಕೂಗಿದ್ದು ಕೇಳಿಸಿತ್ತು ಎಂಬಲ್ಲಿಂದ ಶುರುಮಾಡಿದೆ. ಅವಳು ನಲ್ಲಿ ನಿಲ್ಲಿಸಿದಳು.

“ನಾನು ಅಪ್ಪಂಗೆ ಬೈದೆ,” ಎಂದಳು ಕೊನೆಗೆ. “ನೀನು ಅಲ್ಲೇ ಇದ್ದೆ.”

“ಹೂಂ.”

“ಅಪ್ಪನ ಹತ್ರ ಇದುವರೆಗೂ ಒಂದು ಮಾತಾದ್ರೂ ಹೇಳಿದೀಯಾ?”

ಇಲ್ಲವೆಂದೆ. ಅವಳು ಕೈ ಒರೆಸಿ ಫೋನು ಹಚ್ಚಿ ನನ್ನ ಮುಂದಿಟ್ಟು, ಆ ಕೋಣೆಯಿಂದ ಹೊರಗೆ ಹೋದಳು. ಮೈಸೂರಿನಲ್ಲಿ ಕಿರಿಯ ಮಗಳ ಮನೆಯಲ್ಲಿದ್ದ ಮಾವ ಎತ್ತಿಕೊಂಡರು. “ಮಾವ, ಆ ಮೀನಿನ ವಿಷಯ...” ಎಂದು ಶುರುಮಾಡಿದೆ.

“ಹೆಲೆನ್ ಮೇಡಂಗೆ ಹೇಳಿದ್ರಾ?” ಎಂದರು ತಕ್ಷಣ, ನಾಲ್ಕು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತಿನಂತೆ.

“ಇಲ್ಲ ಮಾವ. ಸಹನಾಗೆ ಹೇಳಿದೆ.”

“ಮೊದಲು ಅವರಿಗೆ ಹೇಳಿ. ಆಮೇಲೆ ನನಗೆ ಫೋನ್ ಮಾಡಿ,” ಎಂದು ಇಟ್ಟುಬಿಟ್ಟರು.

ಮೇ ತಿಂಗಳಲ್ಲಿ ರಜೆ ಹಾಕಿ ಪರ್ತ್‌ಗೆ ಹೋದೆ. ಮೊದಲೇ ತಿಳಿಸಿರಲಿಲ್ಲ; ತಿಳಿಸಿದ್ದರೆ ನಾನೇ ಹೋಗುತ್ತಿರಲಿಲ್ಲವೇನೋ. ಹೆಲೆನ್ ಬಹಳ ಸಣ್ಣಗಾಗಿದ್ದರು. ಜಗುಲಿಯ ಬೆಂಚಿನ ಮೇಲೆ ಕೂರಿಸಿ ಚಹಾ ಮಾಡಲೆಂದು ಎದ್ದರು. ಚಹಾ ಕುಡಿದ ಮೇಲೆ ಹೇಳಲಾಗುವುದಿಲ್ಲ ಎನಿಸಿ ತಡೆದು, ನಿಂತೇ ಎಲ್ಲವನ್ನೂ ಹೇಳಿದೆ. ಯಾವ ಕಡೆಯ ದಡ, ಎಷ್ಟು ಗಂಟೆ, ಎಷ್ಟು ಮೀನು. ಮಾವ ಬೇಡವೆಂದದ್ದು. ಆಮೇಲೆ ತಿಂಗಳಿಗೂ ಹೆಚ್ಚು ಕಾಲ ಕೂತು ಹಿಡಿದದ್ದು ತಮ್ಮ ಖುಷಿಗಲ್ಲ, ಕೆರೆಯಿಂದ ತೆಗೆಯಲು ಎಂಬುದು.

ಅವರು ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು. ರಸ್ತೆಯಾಚೆ ನೋಡುತ್ತಾ, ಈ ನೀರಿಗೆ ಅವು ಮತ್ತೆ ಬರುವುದಿಲ್ಲ, ಅದು ನಿಮಗೆ ಗೊತ್ತಿರಲಿ ಎಂದರು. ಗೊತ್ತಿದೆ ಎಂದೆ. ಆಮೇಲೆ, ಮಿಸ್ಟರ್ ಬಸಪ್ಪನವರ ನಂಬರು ಕೊಡಿ ಎಂದು ಕೈಚಾಚಿದರು. ನಾನು ನನ್ನ ಫೋನಿನಿಂದಲೇ ಕರೆ ಹಚ್ಚಿ ಕೊಟ್ಟೆ. ಅವರು ಒಳಗೆ ಹೋಗಿ ಜಾಲರಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ.

‘ಮಿಸ್ಟರ್ ಬಸಪ್ಪ’ ಎಂದದ್ದು ಕೇಳಿಸಿತು. ಆಮೇಲೆ ಅವರ ಧ್ವನಿ ಒಡೆಯಿತು. ಕೆಲ ಹೊತ್ತಿನ ನಂತರ ಇಬ್ಬರೂ ಮಾತಿಗಿಳಿದರು: ಮೊಣಕಾಲು ಹೇಗಿದೆ, ಬೆಟ್ಟದ ಕಡೆಯ ತೊರೆಯೊಂದರಲ್ಲಿ ಇನ್ನೂ ಆ ಸಣ್ಣ ಮೀನು ಉಳಿದಿದೆಯಂತೆ, ಅಲ್ಲಿ ಬಲೆ ಯಾವ ಅಳತೆಯದಿರಬೇಕು. ನಲವತ್ತು ನಿಮಿಷ ಮಾತಾಡಿದರು. ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ಹೆಲೆನ್ ಬಾಗಿಲು ತೆಗೆದು ಫೋನು ನನ್ನ ಕೈಗಿಟ್ಟು ಒಳಗೆ ಹೋದರು. ಮಾವ ಇನ್ನೂ ಲೈನಿನಲ್ಲಿದ್ದರು.

“ಈಗ ಹೇಳಿ,” ಎಂದರು.

“ತಪ್ಪು ನಂದು ಮಾವ. ಮಾಡಿದ್ದೂ ನಾನೇ. ನಿಮ್ಮ ಮೇಲೆ ಹಾಕಿದ್ದೂ ನಾನೇ.”

“ಹೂಂ,” ಎಂದರು ಮಾವ. ಪರವಾಗಿಲ್ಲ ಎನ್ನಲಿಲ್ಲ. ಅನ್ನಲೆಂದು ನಾನೂ ಕಾಯಲಿಲ್ಲ.